ಹೆಸರು ಅಳಿಸಿಹೋದ ಏಳು ವಾಲ್ವ್‌ಗಳು

ನನ್ನ ಸೊಸೆ ತ್ರಿವೇಣಿ ಗಿಟಾರು ಬಾರಿಸುತ್ತಾಳೆ. ಹೊಸಪೇಟೆಯಲ್ಲಿ ಈ ಮಾತು ಹೇಳಿದರೆ ಮೊದಲು ಎಲ್ಲರೂ, "ಮಗಾ ಬಾರಸ್ತಾನೇನ್ರಿ?" ಎಂದೇ ಕೇಳುತ್ತಾರೆ. ಮಗನಲ್ಲ. ಮಗ ಓಬಳೇಶ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ, ಅವನಿಗೆ ಚಪ್ಪಾಳೆ ತಟ್ಟಲಿಕ್ಕೂ ತಾಳ ಬರುವುದಿಲ್ಲ. ಬಾರಿಸುವವಳು ಸೊಸೆಯೇ.

ಅವಳ ತವರು ಮಲಪನಗುಡಿ. ಅವಳ ತಾಯಿ ರೇಣುಕಮ್ಮ ಹಂಪಿಯ ಒಂದು ವಸತಿಗೃಹದಲ್ಲಿ ಅಡುಗೆಗೆ ಹೋಗುತ್ತಿದ್ದಳು. ಒಂದು ವರ್ಷ ಅಲ್ಲಿ ನಾಲ್ಕು ತಿಂಗಳು ಉಳಿದಿದ್ದ ಪರದೇಶದ ಹೆಂಗಸೊಬ್ಬಳು, ತಾಯಿಯ ಸಂಗಡ ಬರುತ್ತಿದ್ದ ಒಂಬತ್ತು ವರ್ಷದ ಹುಡುಗಿಗೆ ಪಡಸಾಲೆಯಲ್ಲಿ ಕೂರಿಸಿಕೊಂಡು ಬಾರಿಸುವುದನ್ನು ಕಲಿಸಿದಳು. ಹೋಗುವಾಗ ಗಿಟಾರನ್ನೂ ಬಿಟ್ಟುಹೋದಳು. ಆರು ತಂತಿಯಲ್ಲಿ ನಾಲ್ಕೇ ಉಳಿದಿದ್ದವು. ಉಳಿದೆರಡನ್ನು ತ್ರಿವೇಣಿ ಸೈಕಲ್ಲಿನ ಬ್ರೇಕ್ ಕೇಬಲ್ ಬಿಚ್ಚಿ, ಅದರ ಎಳೆ ತೆಗೆದು ಕಟ್ಟಿಕೊಂಡಳಂತೆ.

ಕನ್ಯೆ ನೋಡಲು ಹೋದಾಗ ನಾನು ಅವಳ ಕೈ ಹಿಡಿದು ನೋಡಿದೆ. ಎಡಗೈಯ ನಾಲ್ಕು ಬೆರಳ ತುದಿಯೂ ಗಟ್ಟಿಯಾಗಿ ಕಾಯಿಗಟ್ಟಿದ್ದವು.

"ಹೊಲಿಗಿ ಮಾಡ್ತೀ ಏನವಾ?" ಎಂದೆ.

"ಇಲ್ರಿ. ಗಿಟಾರ್ ಬಾರಸ್ತೀನ್ರಿ."

ರೇಣುಕಮ್ಮ ಹಿಂದಿನಿಂದ ಮಗಳ ಸೊಂಟ ಚಿವುಟಿದ್ದು ನನಗೆ ಕಂಡಿತು. ಇಷ್ಟು ಕಾಯಿಗಟ್ಟುವ ತನಕ ಒಂದು ಕೆಲಸ ಹಿಡಿದವಳು ಸಂಸಾರವನ್ನೂ ಹಿಡಿಯುತ್ತಾಳೆ ಎಂದುಕೊಂಡೆ.

ಈಗ ಅವಳು ಹಗಲು ಔಷಧಿ ಅಂಗಡಿಯಲ್ಲಿ ಇರುತ್ತಾಳೆ. ಮದುವೆ, ಆರತಕ್ಷತೆ ಇದ್ದ ದಿನ ಸಿದ್ದಲಿಂಗೇಶನ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಾಳೆ. ಎಂಟು ವರ್ಷ ಆಯಿತು. ಅಲ್ಲಿ ಹಾಡುವವಳು ಗಾಯತ್ರಿ. ವೇದಿಕೆಯ ಮೇಲೆ ಅವಳ ಪಕ್ಕದಲ್ಲಿ ಒಂದು ಕಂದು ಬಣ್ಣದ ಆಂಪ್ಲಿಫೈಯರ್ ಇರುತ್ತದೆ. ಹಂಪಿಯ ಆ ವಸತಿಗೃಹ ಮುಚ್ಚಿದಾಗ ಮಾಲೀಕರು ಕೊಟ್ಟದ್ದು. ನೀರು ತುಂಬಿದ ಎರಡು ಕೊಡದಷ್ಟು ಭಾರ. ಗಿಟಾರಿನ ಸಣ್ಣ ದನಿಯನ್ನು ದೊಡ್ಡದು ಮಾಡುವುದು ಅದರ ಕೆಲಸ. ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್‌ಗಳು ಅದರೊಳಗೆ ಇವೆ. ಬೆರಳಿನಷ್ಟು ಉದ್ದ, ಹಚ್ಚಿದರೆ ಒಳಗೆ ಸಣ್ಣ ಕೆಂಡ ಉರಿದ ಹಾಗೆ ಕಾಣುತ್ತದೆ. ಕೆಂಡ ಹಳೆಯದಾದಂತೆ ದನಿಯೂ ಕೆಡುತ್ತದೆ.

ಹೋದ ವರ್ಷ ಅದು ಕೆಟ್ಟಿತು. ಒಂದು ಸೋಮವಾರ ಸಿದ್ದಲಿಂಗೇಶ ಮನೆಗೇ ಬಂದ. ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಆಮೇಲೆ ಹೇಳಿದ.

"ತಂಗೀ, ಸಿಟ್ಟಾಗಬ್ಯಾಡ. ಗಾಯತ್ರಿ ಹಾಡೋದು ಜನಕ್ಕ ಕೇಳವಲ್ದು. ನಿನ್ನ ಡಬ್ಬಿ ಆಕಿ ಮಾತೆಲ್ಲಾ ನುಂಗತೈತಿ."

"ವಾಲ್ವ್ ಹಳೇವಾಗ್ಯಾವಣ್ಣಾ. ಬ್ಯಾರೆ ಹಾಕ್ತೀನಿ."

"ಹಾಕು. ಐತವಾರ ಸಂಡೂರಾಗ ಆರತಕ್ಷತಿ ಐತಿ. ಅಲ್ಲೂ ಹಿಂಗ ಆತಂದ್ರ, ಮುಂದ ಕೀಬೋರ್ಡ್‌ನ್ಯಾಗ ಗಿಟಾರು ಬಾರಸ್ತೀವಿ. ಒಂದು ಬಟನ್ ಒತ್ತಿದ್ರ ಮುಗೀತು. ಬಟನ್ ಊಟಾನೂ ಕೇಳಂಗಿಲ್ಲ."

"ನಾನೆಂದಣ್ಣಾ ಊಟ ಕೇಳೀನಿ? ನೀವು ಕೊಡ್ಸೋ ಪಲಾವು ಆ ಬಟನ್ನಿಗೇ ತಿನಸ್ರಿ, ಅದೂ ಕೆಡತೈತಿ."

ಅವನು ನಕ್ಕ. ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಹೋದ ಮೇಲೆ ತ್ರಿವೇಣಿ ಫೋನು ತೆಗೆದು ವಾಲ್ವ್ ಹುಡುಕಲು ಕೂತಳು.

ಬುಧವಾರ, ಅವಳು ಫೋನಿನಲ್ಲಿ ನೋಡಿ ತರಿಸಿದ್ದ ಹೊಸ ವಾಲ್ವ್ ಬಂತು. ಭಾಳ ಹೆಸರುವಾಸಿಯಂತೆ. ಹಾಕಿದರೆ ದನಿ ಇನ್ನೂ ಚೂಪಾಯಿತು, ತಗಡಿನ ಮೇಲೆ ಮೊಳೆ ಎಳೆದಂತೆ. ಮೂಲೆಮನೆಯ ಜಂಬಕ್ಕ ಬಾಗಿಲಿಗೆ ಬಂದು, "ಏನ ಕೊಯ್ಯಾಕ ಹತ್ತೀರಿ?" ಎಂದು ಕೇಳಿದಳು.

ಗುರುವಾರ ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿ ಕಂಪ್ಲಿಗೆ ಹೋದೆವು. ಅಲ್ಲಿ ಕೋಟೆಯ ಹತ್ತಿರ ಸುಂಕಪ್ಪ ಇದ್ದಾನೆ. ನಲವತ್ತು ವರ್ಷ ಬಯಲಾಟಗಳಿಗೆ ಮೈಕ್ ಸೆಟ್ ಹಾಕಿದವನು. ಅವನ ಹಳೇ ಸೆಟ್ಟಿನ ವಾಲ್ವ್‌ಗಳು ಒಂದು ಬಿಸ್ಕೀಟ್ ಡಬ್ಬಿಯಲ್ಲಿದ್ದವು, ಹನ್ನೊಂದು. ನಾಲ್ಕನ್ನು ಅವನೇ ಬೇರೆ ಇಟ್ಟ. ಅವುಗಳೊಳಗೆ ಒಂದೇ ದೊಡ್ಡ ತಗಡಿನ ಗೂಡು, ಅವು ನಮ್ಮ ಆಂಪ್ಲಿಫೈಯರಿಗೆ ಹೊಂದುವುದಿಲ್ಲ. ಉಳಿದ ಏಳರಲ್ಲಿ ಎರಡೆರಡು ಸಣ್ಣ ಗೂಡು, ಕಾಲುಗಳೂ ನಮ್ಮವಕ್ಕೆ ಸರಿಯಾದವು. ಅವನು ಗಾಜಿನ ಮೇಲಿನ ಅಕ್ಷರ ಓದಿ ಹೇಳಿದ, ತ್ರಿವೇಣಿ ಫೋನಿನಲ್ಲಿ ಬರೆದುಕೊಂಡಳು.

"ಇವೆರಡು ಅದಾವಲ್ಲ, ರಾಜಾ ಇದ್ದಂಗ. ಇವನ್ನ ಹಾಕ್ಕೋ," ಎಂದ ಸುಂಕಪ್ಪ. "ಉಳದವು ಸುಮಾರ. ಒಂದಂತೂ ದನಿನ ಇಲ್ಲ. ಮೈಕಿಗೆ ಹಾಕಿದ್ದೆ, ಹನುಮಂತ ಗರ್ಜನಿ ಮಾಡಿದ್ರೂ ಬೆಕ್ಕು ಕೂಗಿದಂಗ ಕೇಳ್ತು. ತಗದು ಈ ಡಬ್ಬಿಗೆ ಒಗದೆ." ಏಳನ್ನೂ ಕಟ್ಟಿಕೊಟ್ಟ.

ಶುಕ್ರವಾರ ನಾನು ಒಂದು ಕೆಲಸ ಮಾಡಿದೆ. ಅದನ್ನು ಮುಚ್ಚಿಟ್ಟು ಬರೆದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ. ತ್ರಿವೇಣಿ ಅಂಗಡಿಗೆ ಹೋಗಿದ್ದಳು. ವಾಲ್ವ್‌ಗಳ ಮೇಲೆ ಎಷ್ಟೋ ವರ್ಷದ ಎಣ್ಣೆ, ಹೊಗೆ, ಕೆಂಪು ಧೂಳು ಕೂತಿತ್ತು. ಕಂದೀಲಿನ ಗಾಜನ್ನು ಹೇಗೆ ತಿಕ್ಕುತ್ತಿದ್ದೆವೋ ಹಾಗೆ, ಒದ್ದೆ ಬಟ್ಟೆಗೆ ಒಲೆಯ ಬೂದಿ ಹಚ್ಚಿ, ಕಾಲಿಗೆ ನೀರು ತಾಗದಂತೆ ತಲೆಕೆಳಗು ಹಿಡಿದು, ಒಂದೊಂದನ್ನೇ ತಿಕ್ಕಿದೆ. ಮೊಟ್ಟೆ ಇಡುವ ರಟ್ಟಿನ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ ಬಿಸಿಲಿಗೆ ಇಟ್ಟೆ. ಏಳೂ ಫಳಫಳ ಹೊಳೆಯುತ್ತಿದ್ದವು.

ತ್ರಿವೇಣಿ ಬಂದಳು. ಒಂದನ್ನು ಎತ್ತಿ ಸುತ್ತ ತಿರುಗಿಸಿದಳು. ಇನ್ನೊಂದನ್ನು ಎತ್ತಿದಳು. ಏಳನ್ನೂ ನೋಡಿದಳು.

"ಅತ್ತೀ, ಅಕ್ಷರ ಎಲ್ಲಿ ಹೋದ್ವು?"

ನನಗೆ ಆಗ ಹೊಳೆಯಿತು. ಆ ಅಕ್ಷರಗಳನ್ನು ಗಾಜಿನಲ್ಲಿ ಕೊರೆದಿರಲಿಲ್ಲ, ಮೇಲೆ ಬರೀ ಬಣ್ಣದಿಂದ ಒತ್ತಿದ್ದರು. ಕೊಳೆಯ ಸಂಗಡ ಅವನ್ನೂ ತಿಕ್ಕಿ ತೆಗೆದಿದ್ದೆ. ಹಳೇ ಅಚ್ಚು ಬೆರಳು ತಾಗಿದರೂ ಹೋಗುತ್ತದಂತೆ, ನಾನು ಬೂದಿ ಹಾಕಿದ್ದೆ. ಸುಂಕಪ್ಪ ಹೇಳಿದ ಎರಡು ರಾಜ ಯಾವುವು ಎಂದು ಗುರುತಿಸುವ ಹಾಗಿರಲಿಲ್ಲ.

ಅವಳು ಸುಂಕಪ್ಪನಿಗೆ ಫೋನ್ ಹಚ್ಚಿದಳು. "ಏನಂದಿ? ವಾಲ್ವಿಗೆ ಜಳಕಾ ಮಾಡ್ಸೀರೇನು?" ಎಂದು ಅವನು ನಕ್ಕದ್ದು ನನಗೂ ಕೇಳಿತು. "ನಿಮ್ಮತ್ತಿ ಹೊಳೆಮ್ಮಕ್ಕಗ ಹೇಳು, ಅವಕ್ಕ ಕುಂಕುಮಾನೂ ಹಚ್ಚು ಅಂತ."

ಅನ್ನ ಬಡಿಸಿದೆ, ಇಬ್ಬರೂ ಸರಿಯಾಗಿ ಉಣ್ಣಲಿಲ್ಲ. ಕೈ ತೊಳೆಯುವಾಗ ತ್ರಿವೇಣಿಯೇ ಹೇಳಿದಳು.

"ಇರ್ಲಿ ಬಿಡ್ರಿ ಅತ್ತಿ. ಹೆಸರು ನೋಡಿ ತರಿಸಿದ್ದು ಹೆಂಗ ಕೊಯ್ತು, ನೋಡಿದ್ವಲ್ಲ. ನಾಳಿ ಏಳೂ ಹಾಕಿ ನೋಡೂಣು. ನೀವು ಹಾಡ್ರಿ."

"ನಾನ್ಯಾಕ ಹಾಡ್ಲಿ?"

"ಗಾಯತ್ರಿ ಮಾತು ಕೇಳವಲ್ದು ಅಂತಲ್ಲ ಅವರ ತಕರಾರು? ನೀವು ಬೀಸೋ ಕಲ್ಲಿನ ಪದ ಹಾಡ್ರಿ, ನಾ ಬಾರಸ್ತೀನಿ. ಯಾವ ವಾಲ್ವಿನಾಗ ನಿಮ್ಮ ಮಾತು ಬಿಡಿಬಿಡಿಯಾಗಿ ಕೇಳ್ತಾವೋ ಅದನ್ನ ಇಟ್ಕೊಳ್ಳೋದು."

ಶನಿವಾರ ಅವಳು ರಜೆ ಹಾಕಿದಳು. ಬೆಳಗಿನ ಒಂಬತ್ತೂವರೆಗೆ ಕೂತೆವು. ಆಂಪ್ಲಿಫೈಯರಿನ ಮೊದಲನೇ ವಾಲ್ವೇ ಮುಖ್ಯ, ಗಿಟಾರಿನ ದನಿ ಮೊದಲು ಹೊಗುವುದು ಅದರೊಳಕ್ಕೆ. ಅದೊಂದನ್ನೇ ಬದಲಿಸುತ್ತ ಹೋದೆವು. ಪ್ರತಿ ಸಲ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಗಾಜು ಮುಂಗೈಗೆ ತಣ್ಣಗಾಗುವ ತನಕ ಕಾದು, ಆಮೇಲೆ ತೆಗೆಯುವುದು. ಹೊಸದನ್ನು ಒತ್ತಿ ಕೂರಿಸಿ, ಹಚ್ಚಿ, ಕೆಂಡ ಪೂರ್ತಿ ಕಾಯುವ ತನಕ ಮತ್ತೆ ಕಾಯುವುದು. ಪೆನ್ಸಿಲಿನಿಂದ ಗಾಜನ್ನು ಮೆಲ್ಲಗೆ ತಟ್ಟುವುದು. ಗಂಟೆ ಹೊಡೆದಂತೆ ಕೇಳಿದರೆ ಅದು ಬೇಡ. ಎರಡನೆಯದು ಹಾಗೆಯೇ ಹೋಯಿತು. ಫೋನಿನಲ್ಲಿ ಬರೆದುಕೊಂಡಿದ್ದ ಹೆಸರುಗಳನ್ನು ಅವಳು ಒಂದು ಸಲವೂ ತೆಗೆದು ನೋಡಲಿಲ್ಲ. ನೋಡಿದರೂ ಯಾವುದು ಯಾವುದಕ್ಕೆ ಎಂದು ಗೊತ್ತಾಗುತ್ತಿರಲಿಲ್ಲ.

ನಾನು ಪ್ರತಿ ಸಲವೂ ಅದೇ ಪದ, ಅದೇ ನಾಲ್ಕು ಸಾಲು ಹಾಡಿದೆ. ಅವಳು ಪ್ರತಿ ಸಲವೂ ಅದನ್ನೇ ಬಾರಿಸಿದಳು. ಮೊದಲನೆಯದು ನನ್ನ ಮಾತಿನ ಕೊನೆ ನುಂಗಿತು. ಮೂರನೆಯದರ ದನಿ ಜೋರು, ಆದರೆ ಬಿರಿಯಿತು. ನಾಲ್ಕನೆಯದು ಪರವಾಗಿಲ್ಲ. ಐದನೆಯದು ಹಾಕಿದಾಗ ನಾನು ಹಾಡುತ್ತ ಹಾಡುತ್ತ ನಿಲ್ಲಿಸಿಬಿಟ್ಟೆ.

"ಯಾಕ್ರಿ? ಮರತ್ರೇನು?"

"ಇಲ್ಲವಾ. ನನ್ನ ದನಿ ನನಗ ಕೇಳಿತು."

ಅವಳು ತಲೆಯಾಡಿಸಿದಳು. "ಆದ್ರ ಸಪ್ಪಳ ಭಾಳ ಕಡಿಮಿ ಐತ್ರಿ."

"ಕಡಿಮಿ ಇದ್ರ ತಿರುವಿ ನೋಡು."

ಅವಳು ಗುಂಡಿ ತಿರುವಿದಳು. ನಾಲ್ಕರಿಂದ ಆರು, ಆರರಿಂದ ಎಂಟು. ಬೇರೆ ವಾಲ್ವ್‌ಗಳು ಐದಕ್ಕೇ ಬಿರಿಯುತ್ತಿದ್ದವು. ಇದು ಎಂಟರಲ್ಲೂ ತುಂಬಿಕೊಂಡು ಬಂತು, ಬಿರಿಯಲಿಲ್ಲ. ನಾನು ಹಾಡಿದೆ. ಪದದ ಒಂದೊಂದು ಮಾತೂ ದನಿಯ ಮೇಲೆ ಕೂತುಕೊಂಡಿತು. ಆರು, ಏಳನ್ನೂ ಬಿಡದೆ ನೋಡಿದೆವು. ಮತ್ತೆ ಐದಕ್ಕೇ ಬಂದೆವು. ಆಗ ಮಧ್ಯಾಹ್ನ ಒಂದೂ ಕಾಲು. ಜಂಬಕ್ಕ ಮತ್ತೆ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಏನೂ ಕೇಳದೆ ಒಳಗೆ ಬಂದು ಕೂತಳು.

ಭಾನುವಾರ ಸಂಡೂರಿಗೆ ನಾನೂ ಓಬಳೇಶನೂ ಹೋದೆವು. ಕಲ್ಯಾಣಮಂಟಪದಲ್ಲಿ ಏಳುನೂರು ಜನ ಇದ್ದರು. ಮೊದಲನೇ ಹಾಡಿಗೆ ಗಾಯತ್ರಿ ಅಭ್ಯಾಸದಂತೆ ಗಂಟಲು ಬಿಗಿಹಿಡಿದು ಕೂಗಿಯೇ ಶುರು ಮಾಡಿದಳು. ಎರಡನೇ ಸಾಲಿಗೆ ಹಿಂತಿರುಗಿ ತ್ರಿವೇಣಿಯ ಮುಖ ನೋಡಿದಳು. ಮೂರನೇ ಸಾಲನ್ನು ಮೆಲ್ಲಗೆ ಹಾಡಿದಳು. ಆ ಮೆಲ್ಲಗಿನ ಮಾತು ಹಿಂದಿನ ಗೋಡೆಯ ಹತ್ತಿರ ಕೂತಿದ್ದ ನನಗೆ ಒಂದಕ್ಷರ ಬಿಡದೆ ಕೇಳಿತು, ಅದರ ಕೆಳಗೆ ಗಿಟಾರು ಹರಿಯುತ್ತಿತ್ತು. ಊಟದ ಪಂಕ್ತಿಗೆ ಎದ್ದಿದ್ದ ಜನ ನಿಂತರು. ಹಾಡು ಮುಗಿದಾಗ, "ಇನ್ನೊಮ್ಮಿ!" ಎಂದು ಕೂಗಿದರು. ಇನ್ನೊಮ್ಮೆ ಆಯಿತು. ಎರಡನೇ ಸಲ ನಡುವೆ ಗಾಯತ್ರಿ ಹಾಡು ಬಿಟ್ಟು ಪಕ್ಕಕ್ಕೆ ಸರಿದು ನಿಂತಳು. ತ್ರಿವೇಣಿ ಒಬ್ಬಳೇ ಬಾರಿಸಿದಳು. ಏಳುನೂರು ಜನ ಚಪ್ಪಾಳೆಯಲ್ಲಿ ತಾಳ ಹಾಕಿದರು. ನನ್ನ ಮಗ ಓಬಳೇಶನೂ ಹಾಕಿದ, ತಪ್ಪಾಗಿಯೇ.

ಸಿದ್ದಲಿಂಗೇಶ ವೇದಿಕೆಯ ಮೇಲೆಯೇ ಬಂದು ಆಂಪ್ಲಿಫೈಯರನ್ನು ಎರಡೂ ಕೈಯಿಂದ ಎತ್ತಿ, ಮೂಲೆಯಿಂದ ಮುಂದಿನ ಸಾಲಿಗೆ ತಂದಿಟ್ಟ. ಆಮೇಲೆ ಕೀಬೋರ್ಡಿನವನ ಕಡೆ ತಿರುಗಿ, "ಲೇ, ಆ ಗಿಟಾರ್ ಬಟನ್ ಮ್ಯಾಲ ಟೇಪ್ ಹಚ್ಚಲೇ. ಕೈ ತಪ್ಪಿ ಒತ್ತೀಯಾ ಮತ್ತ!" ಎಂದ. ಟೇಪು ಇವತ್ತಿಗೂ ಹಾಗೇ ಇದೆ.

ತಿಂಗಳ ಮೇಲೆ ಸುಂಕಪ್ಪ ಹೊಸಪೇಟೆಗೆ ಬಂದಾಗ ಐದನೆಯದನ್ನು ತೆಗೆಸಿ ನೋಡಿದ. ಒಂದು ಕಾಲಿನ ಮೇಲೆ ಇಕ್ಕಳದ ಕಚ್ಚು ಇತ್ತು. ಸೊಟ್ಟಗಾಗಿದ್ದ ಕಾಲನ್ನು ಅವನೇ ನೆಟ್ಟಗೆ ಮಾಡಿದ್ದನಂತೆ.

"ಅಯ್ಯ ಇವನ! ಇದು ನನ್ನ ಬೆಕ್ಕು," ಎಂದ.

"ಹೆಸರೇನಿತ್ತು ಅಜ್ಜಾ ಇದರ ಮ್ಯಾಲ?" ಎಂದು ತ್ರಿವೇಣಿ ಕೇಳಿದಳು.

ಅವನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಕೈ ಅಡ್ಡ ಮಾಡಿ, "ಬ್ಯಾಡ ಬಿಡು, ಹೇಳಬ್ಯಾಡ," ಎಂದು ವಾಲ್ವನ್ನು ಅವನ ಕೈಯಿಂದ ತೆಗೆದುಕೊಂಡಳು. ಆಂಪ್ಲಿಫೈಯರಿನಲ್ಲಿ ಒತ್ತಿ ಕೂರಿಸಿ ಸ್ವಿಚ್ ಹಚ್ಚಿದಳು. ಕೆಂಡ ಕಾಯುತ್ತಲೇ ಗಿಟಾರು ಎತ್ತಿಕೊಂಡು, "ಹಾಡ್ರಿ ಅತ್ತಿ," ಎಂದಳು.