ದೊಡ್ಡಪ್ಪನ ಬೋರಿಗೆ ಬೀಗ

ನಮ್ಮ ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ಒಂದೇ ಮೂಗು, ಒಂದೇ ನಡಿಗೆ. ಹೋಲಿಕೆ ಅಷ್ಟೇ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದ ದೊಡ್ಡಪ್ಪ ಮಹಾ ಜಿಪುಣ. ದೊಡ್ಡಮ್ಮ ತೀರಿಕೊಂಡ ಮೇಲೆ ಬೆಳಗಿನ ಮುದ್ದೆಯನ್ನೇ ರಾತ್ರಿಗೂ ಇಟ್ಟುಕೊಂಡು ಉಣ್ಣುತ್ತಿದ್ದ. ನೆಂಟರು ಬಂದರೆ ನೀರಿನ ಲೋಟವನ್ನೂ ಪೂರ್ತಿ ತುಂಬಿಸುತ್ತಿರಲಿಲ್ಲ. ಕ್ರಮೇಣ ನೆಂಟರು ಬರುವುದನ್ನೇ ಬಿಟ್ಟರು. ಬಿಡದೆ ಬರುತ್ತಿದ್ದವನು ಚಿಕ್ಕಪ್ಪ ಒಬ್ಬನೇ. ಅರಕಲಗೂಡಿನ ಹತ್ತಿರ ಶುಂಠಿ, ಜೋಳ ಬೆಳೆಯುತ್ತಿದ್ದ ಅವನು ಹಳೆಯ ವ್ಯಾನಿನಲ್ಲಿ ತರಕಾರಿ, ಹಪ್ಪಳ, ಉಪ್ಪಿನಕಾಯಿ ಹೇರಿಕೊಂಡು ಬರುತ್ತಿದ್ದ. ಇಷ್ಟೆಲ್ಲ ಯಾಕೆ ದಂಡ ಎಂದು ದೊಡ್ಡಪ್ಪ ಗೊಣಗಿದರೆ ನಗುತ್ತಾ ಅರ್ಧವನ್ನು ಪಕ್ಕದ ಮನೆಗೆ ಕೊಟ್ಟು ಬರುತ್ತಿದ್ದ. ಬೀದಿಯವರಿಗೆಲ್ಲ ಅವನ ನಗುವಿನ ಸದ್ದು ಗೊತ್ತಿತ್ತು.

ಆ ಬೇಸಿಗೆಯ ಮಧ್ಯಾಹ್ನ ನಾನೂ ಚಿಕ್ಕಪ್ಪನ ಜೊತೆ ಬಂದಿದ್ದೆ. ಇನ್ನೂ ಜಗುಲಿಯ ಮೇಲೆ ಕೂತಿದ್ದೆವು, ಹೊಗೆಯ ವಾಸನೆ ಬಂತು. ಪಕ್ಕದ ಮನೆಯ ಹಿತ್ತಿಲಲ್ಲಿ ಒಟ್ಟಿದ್ದ ಒಣಗಿದ ಕಾಯಿಸಿಪ್ಪೆಗೆ ಬೆಂಕಿ ಬಿದ್ದಿತ್ತು. ಅದು ನಿವೃತ್ತರಾದ ಮೇಷ್ಟ್ರೊಬ್ಬರ ಮನೆ. ಹಾಸಿಗೆ ಹಿಡಿದಿದ್ದ ಅವರ ತಾಯಿ ಹಿತ್ತಿಲ ಕೋಣೆಯಲ್ಲಿ ಮಲಗಿದ್ದರು, ಮೇಷ್ಟ್ರೂ ಅವರ ಜೊತೆಗಿದ್ದರು. ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು, ಬೆಂಕಿ ಉರಿಯುತ್ತಿದ್ದದ್ದು ಅದರ ಮುಂದೆಯೇ. ಬೀದಿಯವರು ಡ್ರಮ್ಮುಗಳಲ್ಲಿದ್ದ ನೀರನ್ನೆಲ್ಲ ಬಿಂದಿಗೆಯಲ್ಲಿ ಮೊಗೆದು ಎರಚಿದರು. ಆ ನೀರು ಬೇಗ ಮುಗಿಯಿತು. ಅವತ್ತು ನಲ್ಲಿಯ ಸರದಿಯಲ್ಲ. ನೀರಿದ್ದದ್ದು ದೊಡ್ಡಪ್ಪನ ಬೋರಿನಲ್ಲಿ ಮಾತ್ರ, ಅದರ ಸ್ಟಾರ್ಟರ್ ಪೆಟ್ಟಿಗೆಗೆ ಬೀಗ.

ಬೀಗದ ಕೈ ದೊಡ್ಡಪ್ಪನ ಉಡಿದಾರದಲ್ಲಿತ್ತು. ಚಿಕ್ಕಪ್ಪ ಕೈ ಚಾಚಿದ.

"ನೀರು ತಳ ಸೇರೈತೆ ಕಣ್ಲಾ. ಮೋಟ್ರು ಸುಟ್ಟೋಯ್ತದೆ. ಫೈರ್ ಎಂಜಿನ್ ಬತ್ತದೆ, ಇರು" ಎಂದ ದೊಡ್ಡಪ್ಪ. ಅವನ ಅಂಗೈ ಸೊಂಟದ ಮೇಲೆಯೇ ಇತ್ತು.

ಗೋಡೆಯಾಚೆ ಮೇಷ್ಟ್ರು ಕೆಮ್ಮುವುದು ಕೇಳುತ್ತಿತ್ತು. ಚಿಕ್ಕಪ್ಪನ ಮುಖದಲ್ಲಿ ನಗು ಇಲ್ಲದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

"ಅಣ್ಣ, ನೀನು ಕೊಡದಿದ್ರೆ ಬೀಗ ಒಡೀತೀನಿ. ಒಡೆದ ಮೇಲೆ ನಾನು ಈ ಮನೆ ಮೆಟ್ಲು ಅತ್ತಾಕಿಲ್ಲ."

ಅವನು ದನಿ ಏರಿಸಲಿಲ್ಲ. ದೊಡ್ಡಪ್ಪ ಅವನನ್ನೇ ನೋಡಿದ. ಗೋಡೆಯಾಚೆ ಏನೋ ಸಿಡಿದ ಸದ್ದಾಯಿತು. ನಾನು ಕಲ್ಲು ಹುಡುಕತೊಡಗಿದ್ದೆ. ಅಷ್ಟರಲ್ಲಿ ದೊಡ್ಡಪ್ಪ ಉಡಿದಾರದ ಗಂಟು ಬಿಚ್ಚಲು ಹೋದ. ಬಿಚ್ಚಲಾಗಲಿಲ್ಲ. ಕೊನೆಗೆ ದಾರವನ್ನೇ ಕಿತ್ತು ಕೊಟ್ಟ.

ನಾನು ಮೋಟಾರು ಹಾಕಿದೆ. ಚಿಕ್ಕಪ್ಪ ಪೈಪು ಎಳೆದುಕೊಂಡು ಗೋಡೆ ಹತ್ತಿದ. ಬಾಗಿಲ ಮುಂದಿನ ಉರಿ ತಗ್ಗಿದ ಕೂಡಲೇ ಪೈಪನ್ನು ಬೇರೆಯವರ ಕೈಗೆ ಕೊಟ್ಟು, ಒದ್ದೆ ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡು ಒಳಗೆ ನುಗ್ಗಿದ. ಹೊಗೆಯಲ್ಲಿ ಏನೂ ಕಾಣಲಿಲ್ಲ. ಕಡೆಗೆ ಅಜ್ಜಿಯನ್ನು ಎತ್ತಿಕೊಂಡು ಹೊರಬಂದ, ಹಿಂದೆಯೇ ಅವನ ಅಂಗಿ ಹಿಡಿದುಕೊಂಡು ಮೇಷ್ಟ್ರು. ಇಬ್ಬರೂ ಉಳಿದರು.

ಬೆಂಕಿ ಪೂರ್ತಿ ಆರುವ ಹೊತ್ತಿಗೆ ದೊಡ್ಡಪ್ಪ ಹೇಳಿದಂತೆಯೇ ಮೋಟಾರು ಸುಟ್ಟುಹೋಯಿತು. ಚಿಕ್ಕಪ್ಪ ಅದನ್ನು ಮೇಲೆತ್ತಿಸಿ ರಿಪೇರಿಗೆ ಕೊಡಿಸಿದ. ಅದು ಬರುವ ತನಕ ಮೇಷ್ಟ್ರು ತಮ್ಮ ನಲ್ಲಿಯಿಂದ ಪೈಪು ಎಳೆದು ದೊಡ್ಡಪ್ಪನ ತೊಟ್ಟಿ ತುಂಬಿಸಿದರು. ದೊಡ್ಡಪ್ಪ ಬೇಡವೆನ್ನಲಿಲ್ಲ, ಉಪಕಾರವಾಯಿತು ಎಂದೂ ಅನ್ನಲಿಲ್ಲ. ಮೋಟಾರು ಬಂದ ಮೇಲೆ ಪೆಟ್ಟಿಗೆಗೆ ಮತ್ತೆ ಬೀಗ ಹಾಕಿದ.

ಬೆಂಕಿಯ ದಿನ ಸಂಜೆ ನಾವು ಹೊರಟಾಗ ದೊಡ್ಡಪ್ಪ ವ್ಯಾನಿನ ತನಕ ಬಂದ. ಹಿಂದೆಂದೂ ಬಂದವನಲ್ಲ.

"ಬರೋ ತಿಂಗ್ಳು ಬತ್ತೀಯೇನ್ಲಾ?" ಎಂದ.

"ಬರದೆ ಎಲ್ಲಿಗೋಗ್ಲಿ?" ಎಂದು ಚಿಕ್ಕಪ್ಪ ನಕ್ಕ.

ಊರು ದಾಟಿದ ಮೇಲೆ ವ್ಯಾನನ್ನು ರಸ್ತೆಯ ಬದಿಗೆ ನಿಲ್ಲಿಸಿದ. ನಾನು ಬಾಟಲಿ ನೀರು ಕೊಟ್ಟೆ. ಕುಡಿದ, ಮುಖ ತೊಳೆದುಕೊಂಡ. "ಅಣ್ಣ ಬೀಗದ ಕೈ ಕೊಡದೇ ಇದ್ದಿದ್ರೆ ನಾನು ನಿಜವಾಗ್ಲೂ ಮತ್ತೆ ಬತ್ತಿರ್ಲಿಲ್ಲ" ಎಂದು ಹೇಳಿ ವ್ಯಾನನ್ನು ಹೊಳೆನರಸೀಪುರದ ಕಡೆಗೆ ಹೊರಡಿಸಿದ.