ಕರಿ ಹೆಗಲಿನ ಮರಿ

ಅರವತ್ತರ ದಶಕದ ಕೊನೆಯಲ್ಲಿ ನಮ್ಮ ಹೊಸಕೋಟೆ ಮನೆಯ ಅಡುಗೆಮನೆ ಕಿಟಕಿಯಲ್ಲಿ, ಉಪ್ಪಿನಕಾಯಿ ಜಾಡಿಗಳ ಪಕ್ಕ, ಗಾಜಿನ ಲೋಟಗಳ ಸಾಲೊಂದಿತ್ತು. ಅವುಗಳಲ್ಲಿ ಕೆರೆಯ ನೀರು; ನೀರಿನಲ್ಲಿ ಮೇಫ್ಲೈ ಎಂಬ ಕೀಟದ ಮರಿಗಳು. ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಬದುಕುವ ಈ ಜೀವಿಗಾಗಿ, ಮದುವೆಗೆ ಉಡುಗೊರೆಯಾಗಿ ಬಂದ ಆ ಲೋಟಗಳಲ್ಲಿ ಶರಬತ್ತು ಕುಡಿಯುವ ಹಕ್ಕನ್ನು ನಾನು ತ್ಯಾಗ ಮಾಡಿದ್ದೆ.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ರಜೆ ಬಂತೆಂದರೆ ಸೆರಗು ಸಿಕ್ಕಿಸಿ ಕೆರೆಗಿಳಿದು, ಟೀ ಸೋಸುವ ಜರಡಿಯಲ್ಲಿ ಮರಿಗಳನ್ನು ಹಿಡಿಯುತ್ತಿದ್ದಳು. ಆಮೇಲೆ ಭೂತಗನ್ನಡಿಯಲ್ಲಿ ಬೆನ್ನಿನ ಪಟ್ಟೆ, ಬಾಲದ ಉಂಗುರ ನೋಡಿ ಪ್ರಭೇದ ಹೇಳುವಳು. ನನಗೆ ಎಲ್ಲವೂ ಒಂದೇ ಹುಳು. ಅವಳು ಪ್ರವರ ಹೇಳುವ ಪುರೋಹಿತರಿಗಿಂತ ಖಚಿತ.

ಒಮ್ಮೆ ಹೆಗಲೆರಡೂ ಕಪ್ಪಗಿದ್ದ ಮರಿಯೊಂದು ಸಿಕ್ಕಿತು. ಪುಸ್ತಕದಲ್ಲಿ ಅಂಥದ್ದಿರಲಿಲ್ಲ. ಅವಳಿಗೆ ಪಾಠ ಹೇಳಿದ್ದ ಪ್ರೊಫೆಸರು ಭಾನುವಾರ ಬೆಂಗಳೂರಿನಿಂದ ಬಂದು ನೋಡುವುದೆಂದಾಯಿತು. ಹೊಸ ಪ್ರಭೇದವೆಂದು ಅವರು ಒಪ್ಪಿದರೆ ಹೆಸರಿಡುವವಳು ಇವಳೇ. ನಮ್ಮಮ್ಮ ಬೀದಿಗೆಲ್ಲ ಸಾರಿಬಿಟ್ಟರು: "ನಮ್ ಸೊಸೆ ಹೊಸಾ ಹುಳ ಕಂಡುಹಿಡಿದವ್ಳೆ ಕಣ್ರೀ! ನಮ್ಮತ್ತೆ ಹೆಸ್ರು ಇಡೇ ಅಂದಿದೀನಿ."

ಶನಿವಾರ ಮಧ್ಯಾಹ್ನ ಲೋಟದ ಮುಂದೆ ಕೂತವಳು ಏಳಲೇ ಇಲ್ಲ.

"ರೀ, ನಮ್ಮ ತವರಲ್ಲಿ ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ಗೆ ಮೈಬಣ್ಣ ತಿರುಗತ್ತೆ. ಅದನ್ನ ಬೇರೆ ಹುಳ ಅಂತಾರಾ?"

"ಇಲ್ಲ."

"ಹಾಗಾದ್ರೆ ಇದು? ಒಳಗೆ ರೆಕ್ಕೆ ಬಲಿತು ಹೆಗಲು ಕಪ್ಪಗೆ ಕಾಣ್ತಿದ್ರೆ?"

"ನಾಳೆ ಅವ್ರೇ ನೋಡ್ಲಿ ಬಿಡೇ. ಈಗ್ಯಾಕೆ ಕೆದಕ್ತೀಯ?"

"ಅವ್ರಿಗಿಂತ ಮುಂಚೆ ನಾನು ನೋಡ್ಬೇಕು," ಎಂದು ಮರಿ ಹತ್ತಿ ಬರಲೆಂದು ಲೋಟಕ್ಕೊಂದು ಕಡ್ಡಿ ಇಳಿಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿದಳು.

ಭಾನುವಾರ ಬೆಳಿಗ್ಗೆ ಬಟ್ಟೆಯ ಒಳಗೆ ರೆಕ್ಕೆಯ ಹುಳುವೊಂದು ಕೂತಿತ್ತು. ನೀರಿನ ಮೇಲೆ ಅದು ಕಳಚಿದ ಪೊರೆ. ಪೊರೆಯ ಹೆಗಲಿನಲ್ಲಿ ಕಪ್ಪು ಮಾಯ; ಉಳಿದ ಪಟ್ಟೆ, ಉಂಗುರಗಳೆಲ್ಲ ಪಕ್ಕದ ಲೋಟದ ಮಾಮೂಲಿ ಮರಿಯವೇ.

ಪ್ರೊಫೆಸರು ಚಪ್ಪಲಿ ಬಿಡುತ್ತಿದ್ದಂತೆಯೇ ಅವಳೆಂದಳು: "ಹೊಸದಲ್ಲ ಸಾರ್. ನಾನು ನೋಡಿದ್ದು ವಯಸ್ಸಿನ ಗುರುತು."

ಅವರು ಪೊರೆಯನ್ನು ಬಹಳ ಹೊತ್ತು ನೋಡಿದರು. "ಮರೀನ ನಿನ್ನೇನೇ ಸ್ಪಿರಿಟ್ಟಿಗೆ ಹಾಕಿ ಕೊಟ್ಟಿದ್ರೆ ನಾನೂ ಹೊಸದು ಅಂದ್ಬಿಡ್ತಿದ್ದೆನೇನಮ್ಮ," ಎಂದರು. ಅವಳಿಗೆ ಪದಕ ಕೊಟ್ಟಿದ್ದರೂ ನಾನು ಅಷ್ಟು ಬೀಗುತ್ತಿರಲಿಲ್ಲ.

ಒಳಗಿಂದ ಅಮ್ಮ ಕೇಳಿದರು: "ಹಂಗಾರೆ ನಮ್ಮತ್ತೆ ಹೆಸ್ರು?"

"ಇಲ್ಲ ಅತ್ತೆ."

"ಹೋಗ್ಲಿ ಬಿಡು. ಆಯಮ್ಮಂಗೆ ನೀರು ಕಂಡ್ರೇ ಆಗ್ತಿರ್ಲಿಲ್ಲ."

ಅಷ್ಟರಲ್ಲಿ ಖಾಲಿಯಾದ ಲೋಟವನ್ನು ತೊಳೆಯಲಾಗಿತ್ತು. ಶರಬತ್ತಿಗೇನೋ ಎಂದು ನಾನು ಆಸೆಪಟ್ಟೆ. ಅವಳು ಅದನ್ನೂ ಜರಡಿಯನ್ನೂ ತೆಗೆದುಕೊಂಡು ಕೆರೆಗೆ ಹೊರಟಳು. ಹಿಂದೆ ಪ್ರೊಫೆಸರೂ ಹೊರಟರು.