ಚಾಚಿಯ ಹೊಸ ಪಿನ್

ಸೇಡಂನಲ್ಲಿ ಕೋಣೆ ಹಿಡಿದು ಎಂಟು ತಿಂಗಳು ಒಬ್ಬಳೇ ಇದ್ದೆ. ಜನ ತಮ್ಮ ಫೋನನ್ನು ಹೇಗೆ ಕಾಯುತ್ತಾರೆ, ಆ್ಯಪುಗಳ ಗೋಪ್ಯತಾ ನೀತಿಯನ್ನು ಯಾರಾದರೂ ಓದುತ್ತಾರೆಯೇ ಎಂಬುದು ನನ್ನ ಪಿಎಚ್‌ಡಿ ವಿಷಯ. ಯಾರೂ ಓದುವುದಿಲ್ಲ; ಅದನ್ನು ತಿಳಿಯಲು ಎಂಟು ತಿಂಗಳು ಬೇಕಿರಲಿಲ್ಲ. ಚಿತ್ತಾಪುರ, ಶಹಾಬಾದ್, ಚಿಂಚೋಳಿ ಅಂತ ಬಸ್ಸಿನಲ್ಲಿ ತಿರುಗಿ ಎಲ್ಲರನ್ನೂ ಕೇಳುತ್ತಿದ್ದೆ. ನನ್ನನ್ನು ಊಟ ಆಯಿತೇ ಎಂದು ಕೇಳುವವರು ಒಬ್ಬರೂ ಇರಲಿಲ್ಲ.

ವಾಡಿಯ ಚಾಚಿ ಕೇಳಿದಳು. ಬ್ಲೌಸ್ ಹೊಲಿಯುವ ವಿಧವೆ. ಒಬ್ಬಳೇ ಮಗಳು ತಾಂಡೂರಿನಲ್ಲಿ ಗಂಡನ ಮನೆಯಲ್ಲಿದ್ದಳು. "ಮೊದ್ಲ ಕುಂದ್ರು ಬೇಟಿ, ರೊಟ್ಟಿ ತಿನ್ನು. ಆಮ್ಯಾಲ ನಿನ್ನ ಸವಾಲ್ ಕೇಳು" ಎಂದಳು. ಸುಳ್ಳೇಕೆ, ಕೆಲಸವಿಲ್ಲದಿದ್ದರೂ ಆಮೇಲೆ ವಾರಕ್ಕೊಮ್ಮೆ ಹೋಗುತ್ತಿದ್ದೆ.

ಅವಳ ಫೋನಿನ ಪಿನ್ ಇಡೀ ಗಲ್ಲಿಗೆ ಗೊತ್ತಿತ್ತು. ಯಾರೋ ಒಬ್ಬರು ಬಂದು ತೆರೆದು ಮಗಳಿಗೆ ಫೋನ್ ಹಚ್ಚಿಕೊಡುತ್ತಿದ್ದರು. ನೋಡಿ ನನಗೆ ಸಿಟ್ಟೇ ಬಂತು.

"ಹಿಂಗ ಎಲ್ಲಾರಿಗೂ ಹೇಳ್ತಾರೇನು ಚಾಚಿ? ನಾಳೆ ಯಾರರ ಮೋಸ ಮಾಡಿದ್ರ?"

"ನನ್ನ ಫೋನ್‌ದಾಗ ಏನ್ ಖಜಾನಾ ಅದ?" ಎಂದು ನಕ್ಕಳು.

ಬೆನ್ನುಹತ್ತಿ ಒಪ್ಪಿಸಿದೆ. ಪಿನ್ ಹಾಕಿ ತೆರೆದು ಮಗಳ ಫೋಟೋ ಒತ್ತಿದರೆ ಫೋನ್ ಹೋಗುವಂತೆ ಮಾಡಿಕೊಟ್ಟೆ. ಅವಳು ಹೊಸ ಪಿನ್ ಒತ್ತುವಾಗ ಗೋಡೆಯ ಕಡೆ ತಿರುಗಿ ಕುಳಿತೆ. ನಮ್ಮ ಸಂಶೋಧನೆಯ ನಿಯಮವದು. "ಯಾರಿಗೂ ಹೇಳಬ್ಯಾಡ" ಎಂದೆ. ಭಾಳ ಶಾಣ್ಯಾಕಿ ನಾನು! ನನ್ನ ವರದಿಯಲ್ಲಿ ಹೆಸರು ಬರೆಯದೆ ಬಿಟ್ಟ ಚಾಚಿಯ ಸಾಲಿನ ಮುಂದೆ 'ಸುರಕ್ಷಿತ' ಎಂದು ಬರೆದುಕೊಂಡೆ.

ಮರುತಿಂಗಳು ಒಂದು ಬೆಳಗ್ಗೆ ಚಾಚಿ ಎದೆನೋವೆಂದು ಕುಸಿದು ತೀರಿಕೊಂಡಳು. ಮಗಳ ನಂಬರ್ ಬೇರೆ ಯಾರಲ್ಲೂ ಇರಲಿಲ್ಲ. ಯಾವಾಗಲೂ ಚಾಚಿಯ ಫೋನಿನಿಂದಲೇ ಹಚ್ಚುತ್ತಿದ್ದರಲ್ಲ. ಗಲ್ಲಿಯವರು ಹಳೆಯ ಪಿನ್ ಒತ್ತಿ ಒತ್ತಿ ಸೋತರು. ತಾಂಡೂರಿಗೆ ಹೋದವರಿಗೆ ಮನೆ ಸಿಗಲಿಲ್ಲ. ಮಯ್ಯತ್ತನ್ನು, ತೀರಿಹೋದವರ ದೇಹವನ್ನು, ಹೆಚ್ಚು ಹೊತ್ತು ಇಡುವಂತಿಲ್ಲ. ಸಂಜೆ ಮಗಳೇ ಎಂದಿನಂತೆ ಫೋನ್ ಮಾಡಿದಾಗ ದಫನ್ ಮುಗಿದು ಮಣ್ಣು ಮುಚ್ಚಿಯಾಗಿತ್ತು. ತಾಯಿಯ ಮುಖವನ್ನು ಅವಳು ನೋಡಲಿಲ್ಲ.

ಮೂರನೆಯ ದಿನ ಹೋದೆ. ಪಿನ್ ಬದಲಿಸಲು ಹಚ್ಚಿದ್ದು ನಾನೇ ಎಂದು ಮಗಳಿಗೆ ಹೇಳಿಬಿಟ್ಟೆ. ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಎದ್ದು ಹೋಗಿ ಚಾಚಿಯ ಫೋನ್ ತಂದು ಆಸೆಯಿಂದ ನನ್ನ ಕೈಗಿಟ್ಟಳು.

"ಹಂಗಾದ್ರ ನಿಮಗ ಗೊತ್ತಿರ್ತದಲ್ರೀ. ತೆರದು ಕೊಡ್ರಿ. ಅಮ್ಮೀದು ಫೋಟೋ ಎಲ್ಲಾ ಇದರಾಗೇ ಅವ."

"ನನಗೂ ಗೊತ್ತಿಲ್ಲವ್ವ" ಎಂದೆ.